ಕಾಕು ಆರಿಸಿದ ಮಷೀನು

ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಲುತ್ತಿಲ್ಲ. ಔರಂಗಾಬಾದಿನ ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಪಕ್ಕದ ಮನೆಯ ಮುದುಕರಿಗೆ ಕಿವಿ ಕೇಳಿಸುವುದಿಲ್ಲವೆಂದು ಕೂಗಿ ಕೂಗಿ ಹೇಳಿದೆ. ಈಗ ಹೆಸರಿಡುವ ದಿನಕ್ಕೆ ಕುಂಚಿಗೆ ಹೊಲಿಯಲು ಕೂತಿದ್ದೇನೆ. ಟ್ರಂಕಿನ ತಳದಿಂದ ತೆಗೆದದ್ದು ಅರ್ಧ ಪೈಠಣಿ ಸೀರೆ. ಹಸಿರು ಮೈ, ಜರಿಯ ಸೆರಗಿನಲ್ಲಿ ನವಿಲು. ಒಂದು ಬದಿ ಕತ್ತರಿಯಿಂದ ಕತ್ತರಿಸಿದ್ದಲ್ಲ, ಹಲ್ಲಿನಿಂದ ಕಚ್ಚಿ ಹರಿದದ್ದು.

"ಇನ್ನರ್ಧ ಎಲ್ಲಿ ಹೋಯ್ತ್ರಿ?" ಎಂದು ಮಗಳ ಅತ್ತೆ ಕೇಳಿದರು.

"ನಾಯಿಕೂದಲಾ ತುಂಬ್ಲಾಕ ಹೋಯ್ತ್ರಿ" ಎಂದೆ.

ಬೀಗಿತ್ತಿ ನನ್ನ ಮುಖವನ್ನೇ ನೋಡುತ್ತ ಕೂತರು. ಖುಷಿಯಲ್ಲಿ ಇವಳ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಲೆ ಕಂಡದ್ದು ಮೂರನೇ ಇಯತ್ತೆಯವರೆಗೆ. ಅಕ್ಷರ ಕೂಡಿಸುವುದು ಬರುತ್ತದೆ, ಶುರು ಮಾಡಿದ್ದನ್ನು ನಿಲ್ಲಿಸುವುದು ಬರುವುದಿಲ್ಲ.

ಆ ಸೀರೆಯ ಒಡತಿಯನ್ನು ನಾವೆಲ್ಲ ಕಾಕು, ಮರಾಠಿಯಲ್ಲಿ ಚಿಕ್ಕಮ್ಮ, ಎನ್ನುತ್ತಿದ್ದೆವು. ತಂದೆತಾಯಿ ಇಟ್ಟ ಹೆಸರೊಂದು ಇತ್ತು, ಆದರೆ ಅದನ್ನು ಹಿಡಿದು ಕರೆಯುವ ಧೈರ್ಯ ನಾಸಿಕದಲ್ಲಿ ಯಾರಿಗೂ ಇರಲಿಲ್ಲ. ನನಗೆ ಇವತ್ತಿಗೂ ಇಲ್ಲ.

ಮೊದಲ ಸಲ ನಾನು ಕಂಡಾಗ ಕಾಕು ಒಬ್ಬ ಮನುಷ್ಯನನ್ನು ಚಪ್ಪಲಿಯಿಂದ ಹೊಡೆಯುತ್ತಿದ್ದರು. ಓಝರ್ ಹತ್ತಿರ ವಿಮಾನದ ಕಾರ್ಖಾನೆ ಹೊಸದಾಗಿ ಶುರುವಾದ ಕಾಲ ಅದು. ನಮ್ಮ ಮನೆಯವರಿಗೆ ಅಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ಕ್ವಾರ್ಟರ್ಸ್ ಇನ್ನೂ ಗೋಡೆಯ ಮಟ್ಟದಲ್ಲಿದ್ದವು; ನಾಸಿಕದ ತುಂಬ ಬಾಡಿಗೆ ಖೋಲಿ ಹುಡುಕುವವರೇ. ನಾವಿಬ್ಬರು, ಆರು ವರ್ಷದ ಮಗಳು, ಭಾಲ್ಕಿಯಿಂದ ಹೊತ್ತು ತಂದ ಹಾಸಿಗೆಯ ಸುರುಳಿ, ಇಷ್ಟೂ ಸೇರಿ ಪಂಚವಟಿಯ ಒಂದು ಹಳೇ ವಾಡೆಯ ಬಾಗಿಲಿಗೆ ಬಂದು ನಿಂತರೆ ಒಳಗೆ ಅಂಗಳದಲ್ಲಿ ಪೂಜೆ ನಡೆದಿತ್ತು. ಪೂಜೆ ಮಾಡಿಸಿಕೊಳ್ಳುತ್ತಿದ್ದವನು ಪಕ್ಕದ ಖಾನಾವಳಿಯ ಅಡುಗೆಯವನು. ಕಾಕುವಿನ ನಾಯಿಯ ಮೇಲೆ ಕುದಿಯುವ ನೀರು ಚೆಲ್ಲಿದ್ದನಂತೆ. ಎಡಗೈಯಲ್ಲಿ ಅವನ ಕೊರಳಪಟ್ಟಿ ಹಿಡಿದು, ಬಲಗೈ ನಿಲ್ಲಿಸದೆ, ಕಾಕು ನಮ್ಮ ಕಡೆ ತಿರುಗಿ ಮರಾಠಿಯಲ್ಲಿ ಯಾರು ಬೇಕು ಎಂದು ಕೇಳಿದರು. ನಮ್ಮ ಮನೆಯವರು ಹೆದರಿ ಕನ್ನಡದಲ್ಲೇ ತೊದಲಿದರು.

"ಖೋಲಿ ಕೇಳ್ಲಾಕ ಬಂದೇವ್ರಿ."

ಚಪ್ಪಲಿ ಗಾಳಿಯಲ್ಲೇ ನಿಂತಿತು. "ಯಾ ಊರವ್ರು?"

"ಭಾಲ್ಕಿ ಕಡಿಯವ್ರು."

"ಅಯ್ಯ ನನ್ನಪ್ಪಾ! ನಂದು ಹುಮನಾಬಾದ. ಎಷ್ಟ್ ವರ್ಷ ಆಯ್ತು ಈ ಮಾತು ಕಿವಿಗಿ ಬಿದ್ದು. ಕೂಡ್ರಿ, ಕೂಡ್ರಿ. ಇವಂದೊಂದು ಮುಗಸಿ ಬರ್ತೀನಿ."

ಮತ್ತೆ ಚಪ್ಪಲಿ ಬಿತ್ತು. ಮುಗಿದ ಮೇಲೆ ಅದೇ ಕೈ ತೊಳೆದುಕೊಂಡು ನಮಗೆ ಚಹಾ ಮಾಡಿಕೊಟ್ಟರು. ಹೊಡೆಸಿಕೊಂಡವನಿಗೂ ಒಂದು ಕಪ್ಪು ಕೊಟ್ಟರು. ಅವನು ತುಟಿಯ ರಕ್ತ ಒರೆಸಿಕೊಂಡು ಕುಡಿದು ಹೋದ.

ಕಾಕು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಗಂಟಲು ನಗಾರಿ. ಹಣೆಯ ನಡುವೆ, ಕುಂಕುಮವಿರಬೇಕಾದ ಜಾಗದಲ್ಲಿ, ಒಂದು ಉದ್ದನೆಯ ಗಾಯದ ಗುರುತು. ಗಂಡ ತೀರಿದ ತಿಂಗಳೊಳಗೆ ಔರಂಗಾಬಾದಿನ ಮೈದುನ ಬಂದು ವಾಡೆ ತನಗೆ ಬರೆದುಕೊಡೆಂದು ಹಿತ್ತಾಳೆಯ ತಂಬಿಗೆಯಿಂದ ಹೊಡೆದದ್ದು ಅದು. "ಅವತ್ತ ನಂಗ ಯಾರಿದ್ರು? ಯಾರಿಲ್ಲ. ಮರುದಿನಾನೇ ನಾಯಿ ಸಾಕಿದೆ" ಎನ್ನುತ್ತಿದ್ದರು. ವಾಘ್ಯಾ, ಕಾಳ್ಯಾ, ರೂಸಿ. ವಾಘ್ಯಾ ಕರುವಿನಷ್ಟು ದೊಡ್ಡವನು, ಬೊಗಳುತ್ತಿರಲಿಲ್ಲ, ನೇರ ಹಿಡಿಯುತ್ತಿದ್ದ. ಕಾಳ್ಯಾ ಅವನ ನೆರಳು. ರೂಸಿಯನ್ನು ಕಾರ್ಖಾನೆಗೆ ಬಂದಿದ್ದ ರಶಿಯಾದವರೊಬ್ಬರು ಊರಿಗೆ ಮರಳುವಾಗ ಬಿಟ್ಟುಹೋಗಿದ್ದರು. ಮೈತುಂಬ ಹಿಂಜಿದ ಹತ್ತಿಯಂಥ ಬಿಳಿ ಕೂದಲು. ನಮ್ಮ ನಾಸಿಕದ ಬಿಸಿಲಿಗೆ ಆ ಕೂದಲು ನಿಲ್ಲುವುದುಂಟೇ? ಎದ್ದಲ್ಲಿ ಕೂತಲ್ಲಿ ಉದುರುತ್ತಿತ್ತು. ರೊಟ್ಟಿಯಲ್ಲಿ ಕೂದಲು, ಮಜ್ಜಿಗೆಯಲ್ಲಿ ಕೂದಲು, ದೇವರ ಮೇಲಿನ ವಿಭೂತಿಯಲ್ಲಿ ಕೂದಲು.

ಕಾಕು ಯಾವ ಸಾಮಾನನ್ನೂ ಹೊಡೆಯದೆ ಕೊಂಡವರಲ್ಲ. ಗಡಿಗೆಯನ್ನು ಬಡಿದು, ಸ್ಟೂಲನ್ನು ಒದ್ದು, ಕೊಡೆಯನ್ನು ಗೋಡೆಗೆ ಅಪ್ಪಳಿಸಿ ನೋಡುತ್ತಿದ್ದರು. ಉಳಿದರೆ ಮನೆಗೆ, ಮುರಿದರೆ ಅಂಗಡಿಯವನ ಹಣೆಬರಹ. ನಮಗೆ ಖೋಲಿ ಕೊಡುವ ಮುಂಚೆಯೂ ನಮ್ಮ ಮನೆಯವರ ಬೆನ್ನಿಗೆ ಧಡ್ ಎಂದು ಒಂದು ಗುದ್ದು ಹಾಕಿದರು. ಅವರು ಎರಡು ಹೆಜ್ಜೆ ಮುಂದೆ ಹೋಗಿ ನಿಂತರು. "ಕೆಮ್ಮಲಿಲ್ಲ. ಇರ್ರಿ" ಎಂದರು ಕಾಕು. ಮಗಳ ಬೆನ್ನಿಗೆ ಗುದ್ದಲಿಲ್ಲ. ಗುದ್ದಿದ್ದರೆ ಅವಳ ಎದೆ ಮೆತ್ತಗಿದೆಯೆಂದು ಅವತ್ತೇ ಗೊತ್ತಾಗುತ್ತಿತ್ತು.

ಗುಬ್ಬಿಗೆ ದಮ್ಮು ಶುರುವಾದದ್ದು ಆ ವಾಡೆಗೆ ಹೋದ ಮೇಲೆ. ಗುಬ್ಬಿ ಎಂದು ಮಗಳಿಗೆ ಹೆಸರಿಟ್ಟವರೂ ಕಾಕುವೇ. ನಾಯಿಗಳೆಂದರೆ ಅವಳಿಗೆ ಪ್ರಾಣ, ನಾಯಿಗಳಿಗೂ ಅವಳೆಂದರೆ ಪ್ರಾಣ. ಆ ಪ್ರಾಣವೇ ಅವಳ ಪ್ರಾಣ ಹಿಂಡತೊಡಗಿತು. ನಾನು ಕಸಬರಿಗೆ ಹಿಡಿದು ಗುಡಿಸಿದರೆ ಶಹಾಬಾದ ಕಲ್ಲಿನ ಸಂದಿಯಿಂದ, ಜಮಖಾನೆಯಿಂದ ಕೂದಲು, ಧೂಳು ಎದ್ದು ಬಿಸಿಲುಕೋಲಿನಲ್ಲಿ ಕುಣಿಯುತ್ತಿತ್ತು. ಕೂಸು ಗೂಡಿನಲ್ಲಿ ಸಿಕ್ಕ ಪಾರಿವಾಳದಂತೆ ಗೊರ್ ಗೊರ್ ಎನ್ನುತ್ತಿತ್ತು. ಪಕ್ಕೆಲುಬು ಒಳಗೆ ಹೋಗುತ್ತಿದ್ದವು. ತುಟಿ ನೇರಳೆ ಹಣ್ಣಿನ ಬಣ್ಣ. ನಾನು ಅಳುತ್ತ ಬೆನ್ನು ನೀವುತ್ತಿದ್ದರೆ ಕಾಕು ನನ್ನ ಕೈಯನ್ನು ಕಿತ್ತೆಸೆದು ಕೂಸಿನ ಎರಡೂ ರಟ್ಟೆ ಹಿಡಿದು ಅಲುಗಿಸುತ್ತಿದ್ದರು.

"ಬೈಯಿ! ಏ ಗುಬ್ಬಿ, ನನಗ ಬೈಯಿ! ಜೋರ್ ಬೈಯಿ!"

"ಕಾಕು... ಮೂಳಿ..."

"ಇಷ್ಟೇ? ಹೊಟ್ಟಿಗಿ ತಿಂದಿಲ್ಲೇನ? ನಿನ್ನ ಹೆಣಾ ಎತ್ಲಿ ಅನ್ನು!"

"ನಿನ್ನ... ಹೆಣಾ... ಎತ್ಲಿ..."

"ಹಾಂ! ಇನ್ನೂ ಜೋರ್! ಬೈಯೋ ಮಂದಿ ಉಸಿರು ಕಟ್ಟಿ ಸತ್ತಿದ್ದು ನಾ ಕಂಡಿಲ್ಲ!"

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಕೊಟ್ಟು ಒಂದೇ ಮಾತು ಹೇಳಿದರು: ನಾಯಿ ತೆಗೆಯಿರಿ, ಇಲ್ಲವೇ ಮನೆ ಬಿಡಿ, ಇನ್ನೊಂದು ಮಳೆಗಾಲ ಈ ಕೂದಲಿನಲ್ಲಿ ಈ ಹುಡುಗಿ ದಾಟುವುದಿಲ್ಲ. ನಾಯಿ ತೆಗೆದರೆ ಮೈದುನ ನುಗ್ಗುತ್ತಾನೆ, ಕಾಕು ಬೀದಿಗೆ, ಅವರ ಹಿಂದೆ ನಾವೂ ಬೀದಿಗೆ. ಮನೆ ಬಿಡೋಣವೆಂದರೆ ಊರಲ್ಲಿ ಖೋಲಿ ಇಲ್ಲ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಕಾಕು ಲಟ್ಟಣಿಗೆಯಿಂದ ನೆಲಕ್ಕೆ ಬಡಿದರು.

"ಸುಮ್ಕ್ ಕೂಡು! ನಾಯಿನೂ ಹೋಗಂಗಿಲ್ಲ, ಗುಬ್ಬಿನೂ ಹೋಗಂಗಿಲ್ಲ. ಕೂದಲಾ ಹೋಗ್ತದ."

ಕಸ ಎಳೆಯುವ ಮಷೀನು ಎಂಬುದೊಂದು ಇದೆ ಎಂದು ಹೇಳಿದವರು ನಮ್ಮ ಮನೆಯವರು. ರಶಿಯಾದವರ ಮನೆಗಳಲ್ಲಿ ಕಂಡಿದ್ದರು. ಊರಿಗೆ ಹೊರಟಿದ್ದ ಒಬ್ಬರಿಂದ, ಬೇಡವಾದರೆ ಮರಳಿ ಕೊಡುತ್ತೇವೆಂದು, ಒಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದರು. ಉದ್ದನೆಯ ಸೊಂಡಿಲು, ದುಂಡನೆಯ ಹೊಟ್ಟೆ. ಮುಂದೊಂದು ತೂತು, ಹಿಂದೊಂದು ತೂತು, ಸೊಂಡಿಲು ಎರಡಕ್ಕೂ ಕೂಡುತ್ತಿತ್ತು. ಕಾರ್ಖಾನೆಯಲ್ಲಿ ಇವರು ದಿನಾ ಗಾಳಿಯ ನಳಿಗೆ ಹಿಡಿದು ಊದಿ ಊದಿ ಭಾಗಗಳ ಧೂಳು ತೆಗೆಯುವವರು. ಕೈಗೆ ಅದೇ ರೂಢಿ. ಊದುವ ಕಡೆಯ ತೂತಿಗೇ ಸೊಂಡಿಲು ಕೂಡಿಸಿ, ಗುಬ್ಬಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, "ನೋಡು, ಹ್ಯಾಂಗ ಸಾಫ್ ಆಗ್ತದ" ಎಂದು ಗುಂಡಿ ಒತ್ತಿಬಿಟ್ಟರು.

ಎಷ್ಟೋ ವರ್ಷದ ಕೂದಲು ಜಮಖಾನೆಯಿಂದ ಒಂದೇ ಸಲ ಎದ್ದಿತು. ಖೋಲಿಯೊಳಗೆ ಮಂಜು ಬಿದ್ದಂತಾಯಿತು. ಆ ಮಂಜಿನೊಳಗೆ ಕೂಸು ಕೈಕಾಲು ಬಡಿಯುತ್ತಿತ್ತು. ಕಾಕು ಬಾಗಿಲು ಒದ್ದು ಬಂದರು, ಒಂದು ಕೈಯಲ್ಲಿ ಗುಬ್ಬಿಯನ್ನು ಎತ್ತಿ ಅಂಗಳಕ್ಕೆ ಒಯ್ದರು, ತಿರುಗಿ ಬಂದು ನಮ್ಮ ಮನೆಯವರ ಕಪಾಳಕ್ಕೆ ಕೊಟ್ಟರು ನೋಡಿ! ಮೂರು ದಿನ ಬೆರಳ ಗುರುತು ಇತ್ತು.

"ಇದು ವಿಮಾನ ಅಲ್ಲೋ ಫಿಟ್ಟರ್! ಅಲ್ಲಿ ಊದು. ನನ್ನ ಮನಿಯಾಗ ಎಳಿ!"

ಗುಬ್ಬಿ ಸಂಜೆಯ ಹೊತ್ತಿಗೆ ಸರಾಗವಾಗಿ ಉಸಿರಾಡಿದಳು. ಮರುದಿನ ಕಾಕು ಆ ಮಷೀನನ್ನು ತಾವೇ ಪರೀಕ್ಷೆಗೆ ಕೂರಿಸಿದರು. ಗುಬ್ಬಿಯನ್ನು ಹೊರಗಿಟ್ಟು, ಎಳೆಯುವ ತೂತಿಗೆ ಸೊಂಡಿಲು ಕೂಡಿಸಿ, ಊದುವ ತೂತಿಗೆ ಬಿಳಿಯ ಪಂಚೆಯ ಒದ್ದೆ ತುಂಡು ಕಟ್ಟಿದರು. ಎಳೆಯುವುದೇನೋ ಚೆನ್ನಾಗಿ ಎಳೆಯಿತು. ಬಟ್ಟೆ ಬಿಚ್ಚಿ ನೋಡಿದರೆ ಬೂದಿ ಬಣ್ಣ. "ಮುಂದ ತಿಂದು ಹಿಂದ ಉಗುಳ್ತದ, ಬೇಡ" ಎಂದು ಕಾಲಿನಿಂದ ಬಾಗಿಲಿಗೆ ದೂಡಿದರು.

ಅವತ್ತಿನಿಂದ ಕಾಕು ಹೋದಲ್ಲೆಲ್ಲ ಎರಡು ಚೀಲ. ಒಂದರಲ್ಲಿ ರೂಸಿಯ ಕೂದಲು, ಇನ್ನೊಂದರಲ್ಲಿ ಒದ್ದೆ ಪಂಚೆ. ಮೇನ್ ರೋಡಿನಲ್ಲಿ ಮುಂಬಯಿಯಿಂದ ತರಿಸಿದ ಮಷೀನು ಇಟ್ಟಿದ್ದ ಒಂದು ಅಂಗಡಿ ಇತ್ತು. ಒಳಗೆ ಹೋಗಿ, ಕುರ್ಚಿಯ ಮೇಲೆ ಕೂತು ಚಂದದ ಮಾತಾಡುತ್ತಿದ್ದ ಮಾಲೀಕನ ಗಾದಿಯ ಮೇಲೆಯೇ ಕೂದಲು ಸುರುವಿ ಹಿಮ್ಮಡಿಯಿಂದ ಅರೆದರು.

"ಹಾಂ. ಈಗ ಎಳಿ."

"ಬಾಯಿ, ಇದೇನ್ ಮಾಡಿದ್ರಿ! ಹೊಸಾ ಗಾದಿ!"

"ನಾಯಿ ನಿನ್ನ ಕೇಳಿ ಉದುರಸ್ತದೇನು? ಎಳಿ."

ಎಳೆಯಿತು. ಹಿಂದಿನ ಬಟ್ಟೆ ಕೂಡ ಅಷ್ಟೇನೂ ಮಾಸಿರಲಿಲ್ಲ. ನಾನು ಶಿವನೇ ಸಾಕಪ್ಪಾ, ಇದೇ ಆಗಲಿ ಎಂದುಕೊಂಡೆ. ಕಾಕು ಅದನ್ನೆತ್ತಿ ಎದೆಯ ಮಟ್ಟದಿಂದ ಕೈಬಿಟ್ಟರು. ಬಣ್ಣದ ಮುಚ್ಚಳ ಹೋಳಾಗಿ ಮೂಲೆಗೆ ಹಾರಿತು. ಮಾಲೀಕ ಕಾಕುವಿನ ಕೈ ಹಿಡಿದ. ಕಾಕು ಅವನನ್ನು ಅವನದೇ ಗಾದಿಯ ಮೇಲೆ ಕೆಡವಿದರು. ಬೀದಿಯ ಜನ ಸೇರಿತು. ನಾನು ಮಧ್ಯೆ ಬಿದ್ದು ಕೈ ಮುಗಿದು ಬಿಡಿಸಿಕೊಂಡು ಬರಬೇಕಾಯಿತು.

"ಯಾಕ್ ಒಗಿತೀರಿ ಕಾಕು? ಛಲೋ ಎಳೀತಿತ್ತಲ್ಲ" ಎಂದೆ ದಾರಿಯಲ್ಲಿ, ಅಳು ತಡೆಯದೆ.

ಕಾಕು ನಿಂತರು. "ಮಗಳೇ, ಇದು ಒಂದು ದಿನಾ ಚಾಲೂ ಆಗ್ಲಿಲ್ಲಂದ್ರ ಗುಬ್ಬಿ ಎಲ್ಲಿ ಉಸಿರು ತರ್ಬೇಕು? ಬಿದ್ರ ಸಾಯೋ ಮಷೀನ್ ನಂಗ ಬೇಡ."

ಆಗ ನನಗೆ ಅವರ ಹೊಡೆತ ಅರ್ಥವಾಯಿತು.

ಕೊನೆಗೆ ಸಿಕ್ಕಿದ್ದು ಔರಂಗಾಬಾದಿನಲ್ಲಿ. ಗುಹೆ ನೋಡಲು ಬರುವ ಪರದೇಶದವರು ಇಳಿದುಕೊಳ್ಳುವ ಒಂದು ಹೋಟೆಲಿನವರು ಹಳೇ ಸಾಮಾನು ಮಾರುತ್ತಿದ್ದಾರೆಂದು ಲಾರಿಯವನೊಬ್ಬ ಸುದ್ದಿ ತಂದ. ನಾನೂ ಕಾಕುವೂ ಯೇವಲೆ ಹಾಯ್ದು ಹೋಗುವ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಜಾಗಕ್ಕಾಗಿ ಒಂದು ಜಗಳ, ಇಳಿಯುವಾಗ ಕೈ ತಾಗಿಸಿದವನ ಬೆರಳು ತಿರುವಿದ್ದು ಇನ್ನೊಂದು. ಹೋಟೆಲಿನ ಹಿಂದಿನ ವರಾಂಡದಲ್ಲಿ ಕಬ್ಬಿಣದ ಮೈಯ ಒಂದು ಮಷೀನು ಬಿದ್ದಿತ್ತು, ಮಣ್ಣಲ್ಲಿ ಮಲಗಿದ ಹಂದಿಯಂತೆ. ಬಣ್ಣ ಹೋಗಿತ್ತು. ಕಾಕು ಕೂದಲು ಸುರುವಿ ಅರೆದರು. ಎಳೆಯಿತು, ಚಾಪೆಯನ್ನೂ ಎಳೆದುಕೊಂಡಿತು. ಬಳಿಕ ಅದರ ಹಿಡಿಕೆ ಹಿಡಿದು ಮೆಟ್ಟಿಲಿನ ಮೇಲಿಂದ ಕೆಳಗೆ ನೂಕಿದರು. ಧಡ್ ಧಡ್ ಧಡಾರ್! ಮ್ಯಾನೇಜರ್ ಹಿಂದಿಯಲ್ಲಿ ಕೂಗುತ್ತ ಓಡಿ ಬಂದ. ಕಾಕು ಇಳಿದುಹೋಗಿ ಗುಂಡಿ ಒತ್ತಿದರು. ಅದು ಗುರ್ ಎಂದಿತು. ಕಾಕು ನಕ್ಕರು, ಅಷ್ಟು ದೊಡ್ಡ ನಗು ನಾನು ಅವರ ಮುಖದಲ್ಲಿ ಕಂಡದ್ದು ಅದೇ ಮೊದಲು.

"ಬಿತ್ತು, ಸಾಯಲಿಲ್ಲ. ಕಟ್ರಿ ಇದನ್ನ."

ಬಸ್‌ಸ್ಟ್ಯಾಂಡಿನಲ್ಲಿ ಮೈದುನ ಕಂಡ. ಬಿಳಿ ಬಟ್ಟೆ, ಬಾಯಲ್ಲಿ ಪಾನು. ಹಮಾಲನ ತಲೆಯ ಮೇಲಿದ್ದ ಮಷೀನನ್ನು ನೋಡಿ, "ಏನು ವಹಿನಿ, ಫಿರಂಗಿ ತಂದಿಯೇನು?" ಎಂದು ಮರಾಠಿಯಲ್ಲಿ ಕಿಚಾಯಿಸಿದ. ಗೆದ್ದ ಖುಷಿಯಲ್ಲಿದ್ದ ಕಾಕು ಬಾಯಿ ಬಿಟ್ಟರು. ನಾಯಿಗಳನ್ನು ಹಿತ್ತಿಲಲ್ಲಿ ಕಟ್ಟಿ ದಿನಾ ಮಧ್ಯಾಹ್ನ ಮನೆಯೆಲ್ಲ ಎಳೆಯುತ್ತೇನೆ, ನೀನು ಬಂದರೆ ನಿನ್ನನ್ನೂ ಎಳೆಯುತ್ತೇನೆ ಎಂದರು. ಅವನು ನಗಲಿಲ್ಲ. ಪಾನು ಉಗುಳಿ ಹೋದ.

ಮನೆಗೆ ತಂದು ನೋಡಿದರೆ ಒಂದು ಕೊರತೆ. ಮಷೀನಿನ ಒಳಗಿನ ಬಟ್ಟೆಯ ಚೀಲ ಸವೆದಿತ್ತು. ಕಟ್ಟಿದ ಪಂಚೆ ಕೊಂಚ ಮಾಸಿತು. ಕೂದಲು ನಿಂತರೂ ಹಿಟ್ಟಿನಂಥ ಧೂಳು ಪಾರಾಗುತ್ತಿತ್ತು. ಖಾದಿ ಹೊಲಿದು ನೋಡಿದೆವು, ಪಾರಾಯಿತು. ಹಚ್ಚಡ ಹೊಲಿದೆವು, ಗಾಳಿಯೇ ಹೋಗಲಿಲ್ಲ. ಕಾಕು ಒಳಗೆ ಹೋಗಿ ಪೆಟ್ಟಿಗೆ ತೆಗೆದರು. ಅವರ ಮದುವೆಯ ಪೈಠಣಿ, ಯೇವಲೆಯಲ್ಲಿ ನೇಯಿಸಿದ್ದು. ತೆಳ್ಳಗೆ, ಆದರೆ ನೀರು ಹಾಕಿದರೂ ಹನಿ ಮೇಲೆಯೇ ನಿಲ್ಲುವಷ್ಟು ಬಿಗಿ. ನಾನು ಏನು ಎತ್ತ ಎನ್ನುವುದರೊಳಗೆ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರೆಂದು ಹರಿದರು. ಮೈಮೇಲಿನ ಚರ್ಮ ಸುಲಿದಂಥ ಸಪ್ಪಳ.

"ಅಯ್ಯೋ ಕಾಕು! ಮದುವಿ ಸೀರಿ!"

"ಉಟ್ಟು ಯಾರ ಮುಂದ ನಿಂದ್ರಲಿ? ಹೊಲಿ."

ಹೊಲಿದೆ. ಪಂಚೆ ಕಟ್ಟಿದರು. ಬಿಚ್ಚಿದರು. ಬೆಳ್ಳಗಿತ್ತು.

ಗುಬ್ಬಿಗೆ ಆ ಬೇಸಿಗೆಯೆಲ್ಲ ದಮ್ಮು ಬರಲಿಲ್ಲ. ನಾಯಿ ಮುಟ್ಟುವಂತಿಲ್ಲ ಎಂಬ ಕಟ್ಟಳೆ ಇತ್ತು. ದಿನಾ ಊಟವಾದ ಮೇಲೆ ನಾಯಿಗಳನ್ನು ಹಿತ್ತಿಲ ಗೋಡೆಯ ಕಬ್ಬಿಣದ ಬಳೆಗೆ ಸರಪಳಿಯಿಂದ ಕಟ್ಟಿ, ಗುಬ್ಬಿಯನ್ನು ಮಾಳಿಗೆಯ ಮೆಟ್ಟಿಲ ಮೇಲೆ ಕೂರಿಸಿ ನಾವಿಬ್ಬರೂ ಎಳೆಯುತ್ತಿದ್ದೆವು. ಆ ಗುರುಗುಟ್ಟುವಿಕೆಯಲ್ಲಿ ಸಿಡಿಲು ಬಿದ್ದರೂ ಕೇಳುತ್ತಿರಲಿಲ್ಲ.

ಬಾಗಿಲ ಅಗುಳಿ ಮುರಿದದ್ದೂ ಕೇಳಲಿಲ್ಲ. ನಾನು ಹಾಸಿಗೆ ಎತ್ತಿ ಹಿಡಿದಿದ್ದೆ, ಕಾಕು ಬಗ್ಗಿ ಅದರಡಿ ಸೊಂಡಿಲು ಆಡಿಸುತ್ತಿದ್ದರು. ಲಾಠಿ ಅವರ ತಲೆಯ ಹಿಂಭಾಗಕ್ಕೆ ಬಿದ್ದಿತು. ಬೋರಲು ಬಿದ್ದರು. ಮೈದುನ, ಇನ್ನಿಬ್ಬರು ಗಟ್ಟಿಗರು. ನಾನು ಕೈಗೆ ಸಿಕ್ಕ ಹಾಸಿಗೆ ಬಡಿಯುವ ಕೋಲಿನಿಂದ ಒಬ್ಬನ ಮೂಗಿಗೆ ಹೊಡೆದೆ, ಮೂಗು ಒಡೆದದ್ದು ಕೈಗೆ ಗೊತ್ತಾಯಿತು. ಅವನು ನನ್ನ ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಮೈದುನ ಬೂಟುಗಾಲನ್ನು ಕಾಕುವಿನ ಎಡಗೈಯ ಮೇಲೆ ಊರಿ ನಿಂತ. "ಎಲ್ಲಿ ವಹಿನಿ ನಿನ್ನ ನಾಯಿ? ಎಳೀ ಈಗ, ನನ್ನ ಎಳೀ" ಎಂದು ತಿರುವಿ ತಿರುವಿ ತುಳಿದ. ಕಾಕು ಬಲಗೈಯಿಂದ ಸೊಂಡಿಲ ತುದಿಯ ಉಕ್ಕಿನ ನಳಿಗೆ ಕಿತ್ತು ಅವನ ಮೊಣಕಾಲ ಎಲುಬಿಗೆ ಬೀಸಿದರು. ಅವನು ಬೀಳುವಾಗ ವಾಯರಿಗೆ ಕಾಲು ಸಿಕ್ಕಿ ಪ್ಲಗ್ಗು ಕಿತ್ತು ಬಂದಿತು.

ಮಷೀನು ನಿಂತಿತು. ಆ ಸದ್ದಡಗಿದಾಗ ಹಿತ್ತಿಲಿನಿಂದ ಸರಪಳಿಯ ಸದ್ದು, ಅದರ ಮೇಲೆ ನನ್ನ ಮಗಳ ಗಂಟಲು.

"ಏ ಮೂಳಾ! ನಮ್ ಕಾಕುನ ಬಿಡೋ! ನಿನ್ನ ಹೆಣಾ ಎತ್ಲಿ!"

ಮೆಟ್ಟಿಲಿಂದ ಯಾವಾಗ ಇಳಿದಳೋ, ಸರಪಳಿಯ ಕೊಂಡಿಗಳನ್ನು ಹೇಗೆ ಬಿಚ್ಚಿದಳೋ! ವಾಘ್ಯಾ ಬೊಗಳದೆ ಬಂದ. ಲಾಠಿ ಹಿಡಿದವನ ಭುಜಕ್ಕೇ ಹಾರಿ ಅಂಗಳಕ್ಕೆ ಕೆಡವಿದ. ಕಾಳ್ಯಾ ಇನ್ನೊಬ್ಬನ ತೊಡೆಯಲ್ಲಿ ಹಲ್ಲು ಊರಿದ, ಮಾಂಸ ಕಿತ್ತು ಬಂದದ್ದನ್ನು ನಾನು ಕಂಡೆ. ಯಾವತ್ತೂ ಇರುವೆಯನ್ನೂ ಕಚ್ಚದ ರೂಸಿ ಕೂಡ ಒಬ್ಬನ ಪೈಜಾಮಕ್ಕೆ ಜೋತು ಬಿದ್ದು ಕಣ್ಣು ಮುಚ್ಚಿಕೊಂಡಿತ್ತು. ಕೆಳಗೆ ಬಿದ್ದ ಲಾಠಿಯವನು ಅದನ್ನೆತ್ತಿ ವಾಘ್ಯಾನ ತಲೆಗೆ ಹಾಕಿದ. ಒಂದು, ಇನ್ನೊಂದು. ವಾಘ್ಯಾ ಬಿಡಲಿಲ್ಲ. ಮತ್ತೊಂದಕ್ಕೆ ಬಿಟ್ಟ. ಆಗ ಕಾಕು ಎದ್ದರು. ಮುಖದ ಮೇಲೆಲ್ಲ ರಕ್ತ, ಕಣ್ಣು ಮಾತ್ರ ಕಾಣುತ್ತಿದ್ದವು. ಮಷೀನನ್ನು ಎರಡೂ ಕೈಯಿಂದ ಎತ್ತಿ ತಿರುವಿ ಮೈದುನನ ಮೇಲೆ ಬೀಸಿದರು. ಅವನು ಅಡ್ಡ ಹಿಡಿದ ತೋಳು ಹಸಿ ಕಬ್ಬಿನಂತೆ ಲಟಕ್ಕೆಂದಿತು. ಮಷೀನು ಹಾರಿ ಕಂಬಕ್ಕೆ ಬಡಿದು ಬಿತ್ತು. ಆ ಮೂವರೂ ಒಬ್ಬರನ್ನೊಬ್ಬರು ಎಳೆದುಕೊಂಡು ಓಡಿದರು.

ವಾಡೆ ಸುಮ್ಮನಾಯಿತು. ಆ ಮೌನದಲ್ಲಿ ನನಗೆ ಗೊತ್ತಿದ್ದ ಆ ಸಪ್ಪಳ. ಗೊರ್, ಗೊರ್.

ಗುಬ್ಬಿ ನಾಯಿಕೂದಲಿನ ಮಧ್ಯೆ ಕೂತಿದ್ದಳು. ಕೈಗೆ ಕೂದಲು, ಮುಖಕ್ಕೆ ಕೂದಲು. ತುಟಿ ನೇರಳೆ.

ಅಂಗಳದಲ್ಲಿ ವಾಘ್ಯಾ ಕಾಲು ಒದರುತ್ತಿದ್ದ. ಕಾಕು ಅವನ ಕಡೆ ಒಂದು ಸಲ ನೋಡಿದರು. ಒಂದೇ ಸಲ. ಅವನು ಬಾಲ ಆಡಿಸಿದ. ಕಾಕು ಮುಖ ತಿರುಗಿಸಿ ಉಳಿದೆರಡು ನಾಯಿಗಳನ್ನು ಒದ್ದು ಹೊರಗೆ ಹಾಕಿ ನನ್ನ ಖೋಲಿಯ ಬಾಗಿಲು ಮುಚ್ಚಿದರು. ಗುಬ್ಬಿಯ ಬಟ್ಟೆ ಕಿತ್ತೊಗೆದು ಒದ್ದೆ ಪಂಚೆಯಿಂದ ಮೈಯೆಲ್ಲ ತಿಕ್ಕಿದರು.

"ಕಾಕು, ರಕ್ತ! ದವಾಖಾನಿ..."

"ಮೊದಲ ಕೂದಲಾ!"

ಪ್ಲಗ್ಗು ಚೂರಾಗಿತ್ತು. ಹಲ್ಲಿನಿಂದ ವಾಯರು ಸುಲಿದು, ಬರಿಯ ತಂತಿಗಳನ್ನು ತೂತಿಗೆ ಇಟ್ಟು ಕಡ್ಡಿಪೆಟ್ಟಿಗೆಯ ಕಡ್ಡಿ ಸಿಕ್ಕಿಸಿದರು. ಮಷೀನಿನ ಒಂದು ಬದಿ ಒಳಗೆ ಹೋಗಿತ್ತು. ಗುಂಡಿ ಒತ್ತಿದರು. ಇಲ್ಲ. ಇನ್ನೊಮ್ಮೆ. ಇಲ್ಲ. ನನ್ನ ಮಡಿಲಲ್ಲಿ ಕೂಸಿನ ತಲೆ ಹಿಂದಕ್ಕೆ ವಾಲಿತು. ಕಾಕು ಎದ್ದು ನಿಂತು, "ಏಳೋ ನನ್ನ ಸವತಿ ಮಗನೆ!" ಎಂದು ಅದರ ಹೊಟ್ಟೆಗೆ ಒದ್ದರು.

ಗುರ್ ಎಂದಿತು.

ಎಳೆದರು. ಹಾಸಿಗೆ, ನೆಲ, ಗೋಡೆ, ನನ್ನ ಸೀರೆ, ಗುಬ್ಬಿಯ ತಲೆಗೂದಲು. ರಕ್ತ ಕಣ್ಣಿಗೆ ಇಳಿದಾಗ ತೋಳಿನಿಂದ ಒರೆಸಿಕೊಂಡು ಎಳೆದರು. ಎಳೆಯುತ್ತಲೇ ಕೂಗುತ್ತಿದ್ದರು: "ಬೈಯಿ ಗುಬ್ಬಿ! ಅವನಿಗಿ ಬೈದಂಗ ನನಗ ಬೈಯಿ!" ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೆಲ್ಲಗೆ, "ಮೂಳಿ" ಎಂದಳು ನನ್ನ ಮಗಳು. "ನಿನ್ನ ಹೆಣಾ ಎತ್ಲಿ ಕಾಕು."

ಕಾಕು ಮಷೀನು ಬಂದ್ ಮಾಡಿ ಗೋಡೆಗೆ ಒರಗಿ ಕೂತರು. ನಂತರ ತೆವಳಿಕೊಂಡು ಅಂಗಳಕ್ಕೆ ಹೋದರು. ಯಾರೂ ಹತ್ತಿರವಿಲ್ಲದೆ ವಾಘ್ಯಾ ಒಬ್ಬನೇ ಸತ್ತಿದ್ದ.

ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದು ಹಿತ್ತಿಲಲ್ಲಿ ಅವರೇ ನಿಂತು ಕುಣಿ ತೋಡಿಸಿದರು. ಮಣ್ಣು ಎಳೆಯುವ ಮುಂಚೆ ಪೈಠಣಿಯ ಚೀಲ ತಂದು ಅವನ ಮೇಲೆ ಝಾಡಿಸಿದರು. "ಅವನ ಕೂದಲಾ ಅವಂಗೇ ಇರ್ಲಿ" ಎಂದರು. ಯಾರಿಗೂ ಬೈಯದೆ ಇದ್ದ ದಿನ ಅದೊಂದೇ. ಠಾಣೆಯಿಂದ ಫೌಜದಾರರು ಬಂದು ಮೈದುನನ ತೋಳು ಮುರಿದ ಹತ್ಯಾರ ಯಾವುದೆಂದು ಕೇಳಿದಾಗ ಮಷೀನು ತೋರಿಸಿದೆವು. ಅವರು ಅದನ್ನು ಚಾಲೂ ಮಾಡಿಸಿ ನೋಡಿ, ತಮ್ಮ ಟೋಪಿಯನ್ನೂ ಒಮ್ಮೆ ಎಳೆಸಿಕೊಂಡು ಹೋದರು. ಕಾಕು ಬದುಕಿರುವವರೆಗೆ ಮೈದುನ ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ನಮಗೆ ಕ್ವಾರ್ಟರ್ಸ್ ಸಿಕ್ಕಿತು, ಗುಬ್ಬಿ ದೊಡ್ಡವಳಾದಳು. ಔರಂಗಾಬಾದಿನ ಹುಡುಗ ನೋಡಲು ಬಂದಾಗ ಕಾಕುವನ್ನು ಕರೆಸಿದೆವು. ಹುಡುಗ ಕಾಲಿಗೆ ಬಿದ್ದ. ಬಗ್ಗಿದ್ದವನ ಬೆನ್ನಿಗೆ ಧಡ್! ಬೀಗರು ಎದ್ದು ನಿಂತರು. "ಕೆಮ್ಮಲಿಲ್ಲ. ಕೊಡ್ರಿ ಹುಡುಗೀನ" ಎಂದರು ಕಾಕು. "ಮನ್ಯಾಗ ನಾಯಿ ಅದಾವೇನು?" ಒಂದಿದೆ ಎಂದರು. ಆ ಮಷೀನು ಮಗಳ ಜೊತೆ ಹೋಯಿತು, ಉಳಿದ ಅರ್ಧ ಪೈಠಣಿ ನನ್ನ ಟ್ರಂಕಿಗೆ ಬಂದಿತು.

ಹೋದ ಮಳೆಗಾಲದಲ್ಲಿ ಕಾಕು ಹೋದರು. ಹಣೆಯ ಗಾಯದ ಮೇಲೆ ವಿಭೂತಿ ಹಚ್ಚಿ ಕೂರಿಸಿದ್ದೆವು, ಕೂತಾಗಲೂ ಯಾರನ್ನೋ ಬೈಯಲು ಹೊರಟವರಂತೆ ಇದ್ದರು. ಮೈದುನ ಬಂದಿದ್ದ, ತಲೆಯೆಲ್ಲ ನರೆತು. ಸೊಟ್ಟಗೆ ಕೂಡಿದ ತೋಳನ್ನು ಹಿಂದಕ್ಕಿಟ್ಟು ಇನ್ನೊಂದು ಭುಜ ಕೊಟ್ಟ. ಯಾರೂ ಬೇಡವೆನ್ನಲಿಲ್ಲ.

ಮೊನ್ನೆ ಹೆರಿಗೆಯ ಕೋಣೆಯಲ್ಲಿ ನಾನು ಗುಬ್ಬಿಯ ತಲೆಯ ಬಳಿ ನಿಂತಿದ್ದೆ. ಕೂಸು ಹೊರಗೆ ಬಂತು. ಅಳಲಿಲ್ಲ. ನೀಲಿ ಬಣ್ಣ. ನರ್ಸಬಾಯಿ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದಳು. ಇಲ್ಲ. ಇನ್ನೂ ತಟ್ಟಿದಳು. ಇಲ್ಲ. ನನಗೆ ಆ ತುಟಿಯ ಬಣ್ಣ ಗೊತ್ತು. ಅಷ್ಟರಲ್ಲಿ ನೋವಿನಲ್ಲಿ ಅರೆಜೀವವಾಗಿದ್ದ ನನ್ನ ಮಗಳು ಮಂಚದಿಂದ ತಲೆಯೆತ್ತಿ ಇಡೀ ಆಸ್ಪತ್ರೆ ನಡುಗುವಂತೆ ಒದರಿದಳು.

"ಬೈಯಿ! ನನಗ ಬೈಯಿ! ಜೋರ್ ಬೈಯಿ!"

ನರ್ಸಬಾಯಿ ಬೆಚ್ಚಿ, ಅದೇ ಗಾಬರಿಯಲ್ಲಿ, ಕೂಸಿನ ಬೆನ್ನಿಗೆ ಧಡ್ ಎಂದು ಒಂದು ಕೊಟ್ಟಳು.

ಕೂಸು ಬೈದಳು.